ಬೇಸಿಗೆ ಬಂದರೆ ಜಮೈಕಾದ ದಾರಿ ಕಾಯುವ ಕೇಪ್ ಕಾಡ್

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಿಂದ ಅಟ್ಲಾಂಟಿಕ್ ಸಾಗರದೊಳಕ್ಕೆ ಮಡಚಿದ ತೋಳಿನಂತೆ ಚಾಚಿಕೊಂಡಿರುವ ನೆಲ ಕೇಪ್ ಕಾಡ್. ವರ್ಷವಿಡೀ ಇಲ್ಲಿ ವಾಸಿಸುವವರು ಸುಮಾರು 2.29 ಲಕ್ಷ ಮಂದಿ. ಮೇ ಕೊನೆಯ ಸೋಮವಾರದಿಂದ ಸೆಪ್ಟೆಂಬರಿನ ಮೊದಲ ಸೋಮವಾರದವರೆಗೆ ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ಆ ಮೂರು ತಿಂಗಳ ದುಡಿಮೆಯಲ್ಲೇ ಅನೇಕ ಹೋಟೆಲು, ರೆಸ್ಟೋರೆಂಟುಗಳು ವರ್ಷದ ಖರ್ಚು ತೂಗಿಸಬೇಕು.

ವಾರಾಂತ್ಯದ ಬೆಳಗ್ಗೆ ಒಂದು ಕುಟುಂಬ ಖಾಲಿ ಮಾಡಿದ ಕೋಣೆ ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕುಟುಂಬಕ್ಕೆ ಸಿದ್ಧವಾಗಬೇಕು. ಹಾಸಿಗೆಯ ಹೊದಿಕೆ ಬದಲಿಸಬೇಕು, ಬಚ್ಚಲು ತೊಳೆಯಬೇಕು, ಕಾಲಿಗಂಟಿ ಒಳಬಂದ ಕಡಲ ಮರಳನ್ನು ಮೂಲೆಮೂಲೆಯಿಂದ ಗುಡಿಸಬೇಕು. ಈ ಕೆಲಸ ಮಾಡುವ ಕೈಗಳಲ್ಲಿ ಹಲವು ಜಮೈಕಾದವು.

ಮೊದಲು ಹೀಗಿರಲಿಲ್ಲ. ರಜೆಗೆ ಊರಿಗೆ ಬಂದ ಅಮೆರಿಕದ ಕಾಲೇಜು ಹುಡುಗರೇ ತಟ್ಟೆ ತೊಳೆದು, ಊಟ ಬಡಿಸಿ ಬೇಸಿಗೆ ಕಳೆಯುತ್ತಿದ್ದರು. ಆಮೇಲೆ ವಿದ್ಯಾರ್ಥಿ ವಿನಿಮಯದ ಜೆ-1 ವೀಸಾ ಹಿಡಿದು ಐರ್ಲೆಂಡಿನ ಯುವಕರು ಬಂದರು. 1990ರ ದಶಕದಿಂದ ಬಲ್ಗೇರಿಯಾದಂಥ ಪೂರ್ವ ಯುರೋಪಿನ ದೇಶಗಳವರೂ ಸೇರಿಕೊಂಡರು. ಆದರೆ ವಿದ್ಯಾರ್ಥಿಗಳಿಗೆ ಕಾಲೇಜಿನ ಕರೆ ಬೇಗ ಬರುತ್ತದೆ. ಪ್ರವಾಸದ ಕಾಲವೋ ಶರತ್ಕಾಲದವರೆಗೂ ಹಿಗ್ಗಿತ್ತು. ಮೇಯಿಂದ ಅಕ್ಟೋಬರ್‌ವರೆಗೆ ನಿಲ್ಲುವ, ಕೆಲಸ ಬಲ್ಲ ಜನ ಬೇಕಾದರು.

ಜಮೈಕಾದವರಿಗೆ ಅಮೆರಿಕದ ದಾರಿ ಹೊಸದಲ್ಲ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹೊಲಗಳಲ್ಲಿ ಆಳು ಸಿಗದೆ ಅಮೆರಿಕವೇ ಅವರನ್ನು ಕರೆಸಿಕೊಂಡಿತ್ತು. 1952ರ ವಲಸೆ ಕಾನೂನು ಇಂಥ ತಾತ್ಕಾಲಿಕ ಕೆಲಸಗಾರರಿಗೆ ಎಚ್-2 ವೀಸಾ ತಂದಿತು. 1986ರಲ್ಲಿ ಅದನ್ನು ಎರಡಾಗಿ ಒಡೆದು ಬೇಸಾಯಕ್ಕೆ ಎಚ್-2ಎ, ಉಳಿದ ಹಂಗಾಮಿ ಕೆಲಸಗಳಿಗೆ ಎಚ್-2ಬಿ ಮಾಡಿದರು. ಹೋಟೆಲುಗಳಿಗೆ ಒದಗಿದ್ದು ಈ ಎರಡನೆಯದು. ಋತುಮಾನವೂ ಕೂಡಿಬಂತು. ಮಾಂಟೆಗೊ ಬೇ, ನೆಗ್ರಿಲ್‌ನಂಥ ಜಮೈಕಾದ ಕಡಲೂರುಗಳಿಗೆ ಪ್ರವಾಸಿಗರು ಮುಗಿಬೀಳುವುದು ಚಳಿಗಾಲದಲ್ಲಿ. ಅಲ್ಲಿನ ಹೋಟೆಲುಗಳಲ್ಲಿ ಕೈ ಪಳಗಿದವರಿಗೆ ಕೇಪ್ ಕಾಡ್‌ನ ಬೇಸಿಗೆ ಸರಿಹೊಂದಿತು. ಒಮ್ಮೆ ಬಂದವರು ಮರುವರ್ಷವೂ ಬಂದರು, ತಮ್ಮ ತಂಗಿಯನ್ನು, ನೆರೆಮನೆಯವರನ್ನು ಕರೆತಂದರು.

ತೊಡಕು ಇದ್ದದ್ದು ಲೆಕ್ಕದಲ್ಲಿ. ಇಡೀ ದೇಶಕ್ಕೆ ವರ್ಷಕ್ಕೆ 66,000 ಎಚ್-2ಬಿ ವೀಸಾ ಎಂದು 1990ರಲ್ಲಿ ಕಟ್ಟಿದ ಮಿತಿ ಇಂದಿಗೂ ಕಾನೂನಿನಲ್ಲಿ ಹಾಗೆಯೇ ಇದೆ. 2005ರಲ್ಲಿ ಅದನ್ನು ಆರು ತಿಂಗಳಿಗೆ 33,000ದಂತೆ ಹಂಚಿದರು. ಕೆಲಸ ಶುರುವಾಗುವ ದಿನಕ್ಕೆ 75ರಿಂದ 90 ದಿನ ಮೊದಲಷ್ಟೇ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಬಹುದು. ಏಪ್ರಿಲ್ 1ಕ್ಕೇ ಆಳು ಬೇಕೆನ್ನುವ ಉದ್ಯಾನ ನಿರ್ವಹಣೆಯ ಕಂಪನಿಗಳು ಜನವರಿ 1ರಂದೇ ಸಾಲಿನಲ್ಲಿ ನಿಲ್ಲುತ್ತವೆ. ಮೇ ತಿಂಗಳಲ್ಲಿ ಬಾಗಿಲು ತೆರೆಯುವ ಕೇಪ್ ಕಾಡ್‌ನ ಹೋಟೆಲಿಗೆ ಅರ್ಜಿ ಹಾಕುವ ಸರದಿ ಬರುವಾಗ ಬಹುಪಾಲು ಮುಗಿದಿರುತ್ತಿತ್ತು. 2019ರ ಜನವರಿ 1ರಂದು ನೂಕುನುಗ್ಗಲಿಗೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯೇ ಕುಸಿಯಿತು. ಆ ಬಳಿಕ ಅರ್ಜಿಗಳ ಸರದಿಯನ್ನು ಲಾಟರಿಯಂತೆ ಗೊತ್ತುಮಾಡುವ ಪದ್ಧತಿ ಬಂತು.

ಹಿಂದಿನ ವರ್ಷಗಳಲ್ಲಿ ದುಡಿದು ಮರಳುವವರನ್ನು ಮಿತಿಯಿಂದ ಹೊರಗಿಡುವ ವಿನಾಯಿತಿ 2005ರಲ್ಲಿ ಬಂದು 2007ಕ್ಕೆ ಮುಗಿದುಹೋಗಿತ್ತು. ಈಚಿನ ವರ್ಷಗಳಲ್ಲಿ ಸರ್ಕಾರ ಹೆಚ್ಚುವರಿ ವೀಸಾ ಬಿಡುಗಡೆ ಮಾಡುತ್ತಿದೆ. 2023ರ ಹಣಕಾಸು ವರ್ಷಕ್ಕೆ ಹೀಗೆ ಸಿಕ್ಕದ್ದು 64,716. ಆದರೆ ಅದು ವರ್ಷವರ್ಷದ ಕೃಪೆ. 2020ರ ಜೂನ್‌ನಲ್ಲಿ ಕೊರೊನಾ ಕಾಲದ ಒಂದು ಆದೇಶ ಎಚ್-2ಬಿ, ಜೆ-1 ಎರಡನ್ನೂ ತಡೆದಾಗ, ಈ ಏರ್ಪಾಡು ಎಷ್ಟು ತೆಳುವಾದ ಆಧಾರದ ಮೇಲೆ ನಿಂತಿದೆ ಎಂಬುದು ಬಯಲಾಯಿತು.

ವೀಸಾ ಸಿಕ್ಕರೂ ಮಲಗಲು ಜಾಗ ಬೇಕಲ್ಲ? ಇಲ್ಲಿನ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಹಂಗಾಮಿ ಬಳಕೆಯವು, ಹೊರಗಿನವರು ರಜೆ ಕಳೆಯಲು ಇಟ್ಟುಕೊಂಡವು. ಕೃಷಿ ಕೆಲಸಗಾರರಿಗೆ ಮಾಲೀಕರೇ ವಸತಿ ಕೊಡಬೇಕೆಂಬ ನಿಯಮವಿದೆ, ಹೋಟೆಲಿನವರಿಗೆ ಅದಿಲ್ಲ. ಆದರೂ ಬೇರೆ ದಾರಿ ಕಾಣದೆ ಎಷ್ಟೋ ಮಾಲೀಕರು ಮನೆ, ಮೋಟೆಲುಗಳನ್ನು ಕೊಂಡು ಕೆಲಸಗಾರರಿಗೆ ಬಿಟ್ಟುಕೊಟ್ಟಿದ್ದಾರೆ.

ಆಳಿನ ಕೊರತೆ ಹುಟ್ಟಿದ್ದೂ ಬಹುಮಟ್ಟಿಗೆ ಇದೇ ಬೇರಿನಿಂದ. ಊರಿನ ಚೆಲುವೇ ನೆಲದ ಬೆಲೆ ಏರಿಸಿತು. ಬಡಿಸುವವರು, ತೊಳೆಯುವವರು ಬಾಡಿಗೆ ಕಟ್ಟಲಾರದೆ ಊರು ಬಿಟ್ಟರು. ಅವರ ಜಾಗ ತುಂಬಲು ಕರೆಸಿದವರಿಗೂ ಈಗ ಅಲ್ಲಿ ಸೂರಿಲ್ಲ. ಸಾಲದ್ದಕ್ಕೆ ಅವರ ವೀಸಾ ಒಬ್ಬ ಮಾಲೀಕನಿಗೆ ಅಂಟಿಕೊಂಡಿರುತ್ತದೆ. ಬೈಗುಳ ಕೇಳಿದರೂ, ಸಂಬಳ ಕಡಿತವಾದರೂ ಪಕ್ಕದ ಹೋಟೆಲಿಗೆ ಹೋಗಬೇಕೆಂದರೆ ಆ ಹೋಟೆಲು ಹೊಸದಾಗಿ ಅರ್ಜಿ ಹಾಕಬೇಕು. ದೂರು ಕೊಟ್ಟರೆ ಮುಂದಿನ ವರ್ಷದ ಕರೆ ಬಾರದೇ ಹೋದೀತೆಂಬ ಅಂಜಿಕೆ ಬೇರೆ.

ಪ್ರತಿ ಬೇಸಿಗೆಯಲ್ಲೂ ಬೇಕಾಗುವ ಜನರನ್ನು ಪ್ರತಿ ಬಾರಿಯೂ ಅಪರಿಚಿತರಂತೆ ನಡೆಸಿಕೊಳ್ಳುವುದು ನ್ಯಾಯವಲ್ಲ. ಮರಳಿ ಬರುವವರಿಗೆ ಖಾತರಿಯ ವೀಸಾ, ಕೆಲಸ ಬದಲಿಸುವ ಸ್ವಾತಂತ್ರ್ಯ, ದುಡಿಯುವವರಿಗೆಂದೇ ಕಟ್ಟಿದ ಮನೆಗಳು, ಈ ಮೂರೂ ಒಟ್ಟಿಗೆ ಬೇಕು. ಮೂರನೆಯದು ಸ್ಥಳೀಯರಿಗೂ ಊರಿನಲ್ಲೇ ಉಳಿಯುವ ದಾರಿಯಾದೀತು. ಪ್ರವಾಸೋದ್ಯಮವನ್ನು ನಂಬಿ ಬದುಕುವ ಯಾವ ಊರೂ ಅತಿಥಿಗಳ ಕೋಣೆ ಎಣಿಸುವ ಮೊದಲು, ಆ ಕೋಣೆ ಗುಡಿಸುವವರು ರಾತ್ರಿ ಎಲ್ಲಿ ಮಲಗುತ್ತಾರೆಂದು ಕೇಳಿಕೊಳ್ಳಬೇಕು.