ಹಾದಿ ತಪ್ಪಿದ ಐನೂರು ಹುಡುಗರು ಮುಂದೇನಾದರು?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಕದ್ದು ಸಿಕ್ಕಿಬಿದ್ದ ಹುಡುಗನನ್ನು ಕಂಡರೆ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ಇದೇ. ಆದರೆ ಈ ಗಾದೆಯನ್ನು ಒರೆಗೆ ಹಚ್ಚಿದಂಥ ಅಧ್ಯಯನವೊಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದಿದೆ. ಅಲ್ಲಿ ಕಂಡುಬಂದದ್ದು ಗಾದೆಗೆ ತದ್ವಿರುದ್ಧ!

ಹಾರ್ವರ್ಡ್ ಕಾನೂನು ಶಾಲೆಯ ಶೆಲ್ಡನ್ ಮತ್ತು ಎಲಿನೋರ್ ಗ್ಲೂಕ್ ದಂಪತಿ 1940ರ ಸುಮಾರಿಗೆ ಈ ಕೆಲಸ ಕೈಗೆತ್ತಿಕೊಂಡರು. ಸುಧಾರಣಾ ಶಾಲೆ ಸೇರಿದ್ದ 500 ಹುಡುಗರು, ಅಂಥ ಯಾವ ತಂಟೆಗೂ ಹೋಗದ 500 ಹುಡುಗರು. ವಯಸ್ಸು, ಬುದ್ಧಿಮಟ್ಟ, ಜನಾಂಗಮೂಲ, ವಾಸದ ಕೇರಿ ಎಲ್ಲದರಲ್ಲೂ ಒಬ್ಬರಿಗೊಬ್ಬರು ಹೋಲುವಂತೆ ಅವರನ್ನು ಜೋಡಿ ಮಾಡಲಾಗಿತ್ತು. ಹಾಗಾದರೆ ಒಂದೇ ಬಡ ಕೇರಿಯಲ್ಲಿ ಒಬ್ಬ ದಾರಿ ಬಿಟ್ಟು, ಇನ್ನೊಬ್ಬ ನೆಟ್ಟಗೆ ಬೆಳೆದದ್ದು ಹೇಗೆ? ಮಕ್ಕಳ ಮೇಲೆ ತಂದೆ-ತಾಯಿಯರ ನಿಗಾ, ಅವರ ಶಿಸ್ತಿನ ರೀತಿ, ತೋರುವ ಅಕ್ಕರೆ – ಇವುಗಳಲ್ಲಿ ದೊಡ್ಡ ಅಂತರ ಕಂಡಿತು. ಈ ವಿವರ 1950ರಲ್ಲಿ ಪುಸ್ತಕವಾಯಿತು. ಹುಡುಗರ ಬದುಕನ್ನು 32ನೆಯ ವಯಸ್ಸಿನವರೆಗೂ ದಾಖಲಿಸಲಾಯಿತು.

ಮುಂದೆ ಆ ಕಡತಗಳು ಹಾರ್ವರ್ಡ್‌ನ ನೆಲಮಾಳಿಗೆಯಲ್ಲಿ ದೂಳು ತಿಂದವು. 1980ರ ದಶಕದ ಮಧ್ಯದಲ್ಲಿ ಅವುಗಳನ್ನು ಕೆದಕಿದವರು ಸಮಾಜವಿಜ್ಞಾನಿಗಳಾದ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್. ಸುಧಾರಣಾ ಶಾಲೆಯ ಆ ಹುಡುಗರು ಅಷ್ಟರಲ್ಲಿ ಮುದುಕರಾಗಿದ್ದರು! ಅವರಲ್ಲಿ 52 ಮಂದಿಯನ್ನು ಹುಡುಕಿ ಮಾತನಾಡಿಸಿದರು. ಹೆಚ್ಚಿನವರು ಇಂದಲ್ಲ ನಾಳೆ ಅಪರಾಧದ ದಾರಿ ಬಿಟ್ಟಿದ್ದರು. ಯಾರು, ಯಾವಾಗ ಬಿಟ್ಟಾರು ಎಂಬುದನ್ನು ಬಾಲ್ಯದ ಲಕ್ಷಣ ನೋಡಿ ಹೇಳುವಂತಿರಲಿಲ್ಲ. ಹಲವರನ್ನು ತಿರುಗಿಸಿದ್ದು ಸ್ಥಿರವಾದ ಕೆಲಸ, ಹೊಂದಿಕೆಯ ದಾಂಪತ್ಯ, ಸೈನ್ಯದ ಸೇವೆ. ಹೆಚ್ಚು ಕಾಲ ಸೆರೆಯಲ್ಲಿದ್ದವರಿಗೆ ನೆಲೆಯಾದ ಕೆಲಸ ಸಿಗುವುದು ಕಷ್ಟವಾಗಿ, ಅದೇ ಮತ್ತೆ ಅಪರಾಧದ ಕಡೆಗೆ ತಳ್ಳಿತ್ತು.

ಅವರೆಲ್ಲ ಒಂದು ಕಾಲದ ಬಿಳಿಯ ಹುಡುಗರು. ಆ ಅನುಭವವನ್ನು ಇದ್ದಂತೆಯೇ ನಮ್ಮೂರಿಗೆ ತಂದುಕೊಳ್ಳಲಾಗದು, ನಿಜ. ಆದರೂ ಅದರ ತಿರುಳು ನಮ್ಮ 2015ರ ಬಾಲ ನ್ಯಾಯ ಕಾಯ್ದೆಯಲ್ಲೂ ಇದೆ. 18 ತುಂಬದವರ ಪ್ರಕರಣವನ್ನು ನೋಡುವುದು ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಮಂಡಳಿ. ಆಪ್ತಸಲಹೆ, ಸಮುದಾಯ ಸೇವೆ, ವಿಶೇಷ ಗೃಹದಲ್ಲಿ ಹೆಚ್ಚೆಂದರೆ ಮೂರು ವರ್ಷದ ವಾಸ – ಇಂಥ ದಾರಿಗಳು ಅದರ ಮುಂದಿವೆ. ಹುಡುಗನ ಹೆಸರನ್ನು ಪತ್ರಿಕೆ ಪ್ರಕಟಿಸುವಂತಿಲ್ಲ. ಹಳೆಯ ತಪ್ಪು ಮುಂದಿನ ಓದು, ಉದ್ಯೋಗಕ್ಕೆ ಅಡ್ಡಿಯಾಗಬಾರದೆಂಬುದೇ ಸಾಮಾನ್ಯ ನಿಯಮ. ಆದರೆ 16 ತುಂಬಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಪ್ರಾಥಮಿಕ ಪರಿಶೀಲನೆಯ ನಂತರ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶವಿದೆ. ನೊಂದವರಿಗೆ ನ್ಯಾಯ ಬೇಡವೇ ಎಂಬ ಪ್ರಶ್ನೆಯೂ ಹಗುರವಾದದ್ದಲ್ಲ. ಈ ಚರ್ಚೆ ಮುಗಿದಿಲ್ಲ.

ಚರ್ಚೆ ಏನೇ ಇರಲಿ, ಶಿಕ್ಷೆ ಮುಗಿಸಿ ಬಂದ ಹುಡುಗ ಒಂದು ದಿನ ಊರಿಗೆ ಮರಳಲೇಬೇಕು. ಶಾಲೆ ಅವನನ್ನು ಸೇರಿಸಿಕೊಂಡೀತೇ? ಗ್ಯಾರೇಜಿನವರು ಕೆಲಸ ಕೊಟ್ಟಾರೇ? ಅವನ ಪಕ್ಕ ಕೂತು ಓದಲು ನಮ್ಮ ಮಕ್ಕಳನ್ನು ನಾವು ಬಿಡುತ್ತೇವೆಯೇ? ಇದಕ್ಕೆ ಉತ್ತರ ಕೊಡಬೇಕಾದವರು ನ್ಯಾಯಾಧೀಶರಲ್ಲ, ಊರಿನವರು.