ಸ್ಪರ್ಶಪರದೆಯ ಫೋನ್: ಕೊಳ್ಳುವ ಮುನ್ನ ಪರೀಕ್ಷೆ

2007ರಲ್ಲಿ ಬಂದ ಐಫೋನ್ ಗುಂಡಿಗಳ ಜಾಗಕ್ಕೆ ಗಾಜಿನ ಪರದೆಯನ್ನು ತಂದಿತು. 2016ರಲ್ಲಿ ಯುಪಿಐ ಆರಂಭವಾದ ಬಳಿಕ ಇಂತಹ ಫೋನ್ ಅಂಗಡಿಯ ಗಲ್ಲಾಪೆಟ್ಟಿಗೆಯೂ ಆಗಿದೆ.

ಈ ಪರದೆಯು ಗ್ರಹಿಸುವುದು ಒತ್ತಡವನ್ನಲ್ಲ, ಬೆರಳಿನ ವಿದ್ಯುತ್ ವಾಹಕ ಗುಣವನ್ನು. ಆದ್ದರಿಂದ ಅಥಣಿಯ ಚಪ್ಪಲಿ ತಯಾರಕರ ಒದ್ದೆ ಬೆರಳಿಗೆ ಅದು ಸರಿಯಾಗಿ ಸ್ಪಂದಿಸದು. ನಿಪ್ಪಾಣಿಯ ತಂಬಾಕು ಗೋದಾಮಿನಲ್ಲಿ ಧೂಳಿನದೇ ಚಿಂತೆ. ಐಪಿ ಸಂಕೇತದ ಮೊದಲ ಅಂಕಿ 6 ಇದ್ದರೆ ಧೂಳು ಒಳಸೇರದೆಂದು ಅರ್ಥ. ರಾಯಬಾಗ, ಕಾಗವಾಡಗಳ ಕಬ್ಬಿನ ಹೊಲದ ಬಿಸಿಲಿನಲ್ಲಿ ತೂಕದ ಚೀಟಿಯ ಚಿತ್ರ ಓದಲು ಪರದೆಯ ಪ್ರಖರತೆ ಮುಖ್ಯ. ಚಿಕ್ಕೋಡಿಯ ವರ್ತಕರಿಗೆ ಕನ್ನಡ, ಮರಾಠಿ ಎರಡೂ ಕೀಲಿಮಣೆಗಳು ಬೇಕು.

ಬೆಲೆ ವಿಚಾರಿಸುವ ಮೊದಲು ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ದೊರೆಯುವುದೆಂದು ಕೇಳಬೇಕು. ಹಣದ ವ್ಯವಹಾರವೆಲ್ಲ ಅದರಲ್ಲೇ ನಡೆಯುವಾಗ ಅಗ್ಗದ ಹಳೆಯ ಮಾದರಿಯೇ ದುಬಾರಿಯಾದೀತು.