ಕೋಲು ಬದಲಾದಂತೆ ಬದಲಾದ ಕೈ

ಗಾಲ್ಫ್ ಕ್ಲಬ್ಬಿನ ಮುಖ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ. ಚೆಂಡು ಎಡಕ್ಕೋ ಬಲಕ್ಕೋ, ಮೇಲೇರಬೇಕೋ ನೆಲ ಸವರಬೇಕೋ, ಎಲ್ಲ ತೀರ್ಮಾನವಾಗುವುದು ಅಷ್ಟರಲ್ಲೇ. ಆ ಗಳಿಗೆಯನ್ನು ಬರಿಗಣ್ಣಿನಿಂದ ಕಂಡವರು ಯಾರೂ ಇಲ್ಲ. ಆದರೂ ಹೊಡೆಯುವುದು ಹೇಗೆಂಬ ಪಾಠ ತಲೆಮಾರುಗಳಿಂದ ನಡೆದೇ ಇದೆ. ಆ ಪಾಠದ ಚರಿತ್ರೆ ಓದುತ್ತಾ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಮೊದಲು ಬದಲಾದದ್ದು ಚೆಂಡು ಮತ್ತು ಕೋಲು, ಕೈ ಅವುಗಳ ಬೆನ್ನು ಹಿಡಿದು ಹೋಯಿತು.

ಸ್ಕಾಟ್ಲೆಂಡಿನ ಕಡಲತೀರದ ಹುಲ್ಲುಗಾವಲುಗಳಲ್ಲಿ ಹಿಂದೆ ಆಡುತ್ತಿದ್ದದ್ದು ತೊಗಲಿನ ಚೀಲಕ್ಕೆ ಹಕ್ಕಿಪುಕ್ಕ ತುರುಕಿ ಹೊಲಿದ ಚೆಂಡಿನಲ್ಲಿ. ನುರಿತ ಕಸಬುದಾರನೂ ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ ಮಾಡಬಲ್ಲ ಚೆಂಡು ಅದು. ಬೆಲೆ ದುಬಾರಿ, ಮಳೆಗೆ ನೆಂದರೆ ಹಾಳು. 1848ರ ಹೊತ್ತಿಗೆ ಮಲಯ ಕಡೆಯ ಮರದ ಅಂಟು ಗಟ್ಟಾಪರ್ಚಾದಿಂದ ಮಾಡಿದ ಚೆಂಡು ಬಂತು. ಹೊಸದರಲ್ಲಿ ನುಣುಪಾಗಿದ್ದ ಆ ಚೆಂಡು ಸರಿಯಾಗಿ ಹಾರುತ್ತಿರಲಿಲ್ಲ. ಹೊಡೆಸಿಕೊಂಡು ಗಾಯವಾದ ಮೇಲೆ ಚೆನ್ನಾಗಿ ಹಾರುವುದನ್ನು ಆಟಗಾರರೇ ಗಮನಿಸಿದರು. ಆಮೇಲೆ ಸುತ್ತಿಗೆಯಿಂದ ಬಡಿದು ಗೀರು ಮೂಡಿಸಿಯೇ ಮಾರತೊಡಗಿದರು. ಇಂದಿನ ಚೆಂಡಿನ ಮೈತುಂಬ ಕಾಣುವ ಗುಳಿಗಳ ಮೂಲ ಅಲ್ಲಿದೆ.

ಗಟ್ಟಾಪರ್ಚಾ ಕಾಲದ ದೊಡ್ಡ ಹೆಸರು ಹ್ಯಾರಿ ವಾರ್ಡನ್. ಜರ್ಸಿ ದ್ವೀಪದಲ್ಲಿ ಹುಟ್ಟಿದ ಈತ 1896ರಿಂದ 1914ರ ನಡುವೆ ಆರು ಬಾರಿ ಬ್ರಿಟಿಷ್ ಓಪನ್ ಗೆದ್ದ. ಅದು ಇಂದಿಗೂ ದಾಖಲೆ. ಬಲಗೈ ಕಿರುಬೆರಳನ್ನು ಎಡಗೈ ತೋರುಬೆರಳಿನ ಮೇಲೆ ಹೊಂದಿಸಿ ಎರಡೂ ಕೈ ಒಂದಾಗಿ ಕೆಲಸ ಮಾಡುವಂತೆ ಹಿಡಿಯುವುದು ವಾರ್ಡನ್ ಹಿಡಿತವೆಂದೇ ಪ್ರಸಿದ್ಧ. ಸ್ಕಾಟ್ಲೆಂಡಿನ ಹವ್ಯಾಸಿ ಆಟಗಾರ ಜಾನಿ ಲೇಡ್ಲೇ ಅದನ್ನು ಮೊದಲೇ ಬಳಸುತ್ತಿದ್ದ, ಆದರೆ ಲೋಕ ಕಲಿತದ್ದು ವಾರ್ಡನ್‌ನನ್ನು ನೋಡಿ.

ಆಗಿನ ಕೋಲು ಹಿಕೋರಿ ಮರದ್ದು. ಜೋರಾಗಿ ಬೀಸಿದರೆ ಅದು ಬಾಗುವುದಷ್ಟೇ ಅಲ್ಲ, ತನ್ನ ಸುತ್ತಲೇ ತಿರುಚಿಕೊಳ್ಳುತ್ತಿತ್ತು. ಹಾಗಾಗಿ ಆಟಗಾರ ಹಿಂದಕ್ಕೆ ಎತ್ತುವಾಗ ಕ್ಲಬ್ಬಿನ ಮುಖವನ್ನು ಬಾಗಿಲಿನಂತೆ ತೆರೆದು, ಕೆಳಗೆ ಬರುವಾಗ ಮಣಿಕಟ್ಟಿನ ಬಲದಿಂದ ಸರಿಯಾದ ಗಳಿಗೆಗೆ ಮುಚ್ಚಬೇಕಿತ್ತು. ಹಳೆಯ ಆಟಗಾರರ ಬೀಸು, ಅಂದರೆ ಸ್ವಿಂಗ್, ಅಷ್ಟು ಲಯಬದ್ಧವಾಗಿದ್ದುದು ಸೊಗಸಿಗಾಗಿ ಅಲ್ಲ, ಮರ ಬೇರೆ ದಾರಿ ಬಿಟ್ಟಿರಲಿಲ್ಲ.

1920ರ ದಶಕದಲ್ಲಿ ಅಮೆರಿಕ ಉಕ್ಕಿನ ಕೋಲಿಗೆ ಒಪ್ಪಿಗೆ ಕೊಟ್ಟಿತು, 1929ರಲ್ಲಿ ಆಟದ ನಿಯಮ ರೂಪಿಸುವ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಸಂಸ್ಥೆಯೂ ಒಪ್ಪಿತು. ಉಕ್ಕು ತಿರುಚಿಕೊಳ್ಳುವುದು ಕಡಿಮೆ. ಹಿಕೋರಿಯಲ್ಲಿ ಪಳಗಿದ ಕೈ ಹಳೆಯ ಅಭ್ಯಾಸದಂತೆ ಮುಖ ಮುಚ್ಚಿದರೆ ಚೆಂಡು ಎಡಕ್ಕೆ ಬಾಗಿ ಪೊದೆ ಸೇರುತ್ತಿತ್ತು. ಟೆಕ್ಸಾಸ್‌ನ ಫೋರ್ಟ್‌ವರ್ತ್‌ನ ಒಂದೇ ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಗಳಾಗಿದ್ದ ಇಬ್ಬರು ಹುಡುಗರು ಈ ಒಗಟು ಬಿಡಿಸಿದರು. ಇಬ್ಬರೂ ಹುಟ್ಟಿದ್ದು 1912ರಲ್ಲಿ. ಬೈರನ್ ನೆಲ್ಸನ್ ಕೈಗಳ ಚಟುವಟಿಕೆ ತಗ್ಗಿಸಿ, ಕೆಲಸವನ್ನು ಕಾಲು ಸೊಂಟಗಳಿಗೆ ವಹಿಸಿದ. 1945ರ ಒಂದೇ ವರ್ಷದಲ್ಲಿ 18 ಟೂರ್ನಿ ಗೆದ್ದ, ಅದರಲ್ಲಿ 11 ಸಾಲಾಗಿ. ಕ್ಲಬ್ಬು-ಚೆಂಡುಗಳನ್ನು ಪರೀಕ್ಷಿಸುವ ಯಂತ್ರಕ್ಕೆ ‘ಐರನ್ ಬೈರನ್’ ಎಂಬ ಹೆಸರು ಬಂದದ್ದು ಇವನಿಂದಲೇ.

ಇನ್ನೊಬ್ಬ ಬೆನ್ ಹೋಗನ್. ಎಡಕ್ಕೆ ಬಾಗುವ ಚೆಂಡು ವರ್ಷಗಟ್ಟಲೆ ಕಾಡಿದರೂ ಅಂಗೈ ಬೊಬ್ಬೆ ಏಳುವಂತೆ ಅಭ್ಯಾಸ ಮಾಡಿದ. 1949ರಲ್ಲಿ ಬಸ್ಸೊಂದು ಅವನ ಕಾರಿಗೆ ಗುದ್ದಿತು. ಮತ್ತೆ ನಡೆದಾಡುವುದೇ ಅನುಮಾನವೆಂಬ ಸ್ಥಿತಿ. ಮರುವರ್ಷ ಮೆರಿಯನ್‌ನಲ್ಲಿ ಯು.ಎಸ್. ಓಪನ್ ಗೆದ್ದ. 1957ರಲ್ಲಿ ಬಂದ ಅವನ ‘ಫೈವ್ ಲೆಸನ್ಸ್’ ಪುಸ್ತಕದಲ್ಲಿ ಆಂಟನಿ ರವಿಯೆಲ್ಲಿ ಬರೆದ ಚಿತ್ರವೊಂದಿದೆ: ಚೆಂಡಿನಿಂದ ಆಟಗಾರನ ಭುಜದವರೆಗೆ ಓರೆಯಾಗಿ ಇಟ್ಟ ಗಾಜಿನ ಹಲಗೆ, ಅದರ ತೂತಿನಿಂದ ಹೊರಬಂದ ತಲೆ. ತೋಳು ಆ ಗಾಜನ್ನು ಒಡೆಯದೆ ಓಡಾಡಬೇಕು. ಸ್ವಿಂಗ್‌ಗೆ ಒಂದು ಸಮತಲವಿದೆ ಎಂಬುದು ಸಾಮಾನ್ಯ ಆಟಗಾರನ ಮನಸ್ಸಿಗೆ ಇಳಿದದ್ದು ಈ ಚಿತ್ರದಿಂದ.

ಇಷ್ಟೆಲ್ಲ ಆದರೂ ಪಾಠದ ಬುಡದಲ್ಲೇ ಒಂದು ತಪ್ಪು ಉಳಿದಿತ್ತು. ಚೆಂಡು ಕ್ಲಬ್ ಬೀಸಿದ ಹಾದಿಯಲ್ಲಿ ಹೊರಟು, ಆಮೇಲೆ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದೇ ಹೇಳಿಕೊಡುತ್ತಿದ್ದರು. ನಿಜ ಹೆಚ್ಚುಕಡಿಮೆ ಉಲ್ಟಾ. ಚೆಂಡು ಹೊರಡುವುದು ಬಹುಪಾಲು ಮುಖ ನೋಡುವ ದಿಕ್ಕಿಗೆ. ಬಾಗುವುದು ಮುಖಕ್ಕೂ ಹಾದಿಗೂ ಇರುವ ಅಂತರದಿಂದ. ಎದುರಿಗೊಂದು ಮರವಿದೆ ಎನ್ನಿ. ಪುಸ್ತಕದ ಮಾತು ನಂಬಿದವನು ಮುಖವನ್ನು ಮರದ ಹಿಂದಿನ ಧ್ವಜಕ್ಕೆ ನೆಟ್ಟು, ಮರದ ಪಕ್ಕಕ್ಕೆ ಬೀಸುತ್ತಿದ್ದ. ಚೆಂಡು ನೇರ ಕಾಂಡಕ್ಕೇ ಬಡಿಯುತ್ತಿತ್ತು, ಬೈಗುಳ ಮಾತ್ರ ಅವನ ಸ್ವಿಂಗ್‌ಗೆ. 1968ರಲ್ಲೇ ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ವೈಜ್ಞಾನಿಕ ಅಧ್ಯಯನದ ಪುಸ್ತಕದಲ್ಲಿ ಸತ್ಯ ಬರೆದಿಟ್ಟಿದ್ದರು. ತರಬೇತಿ ವಲಯ ಅದನ್ನು ಮನಸಾರೆ ಒಪ್ಪಲು 2003ರಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಟ್ರ್ಯಾಕ್‌ಮನ್ ಕಂಪನಿಯ ರೇಡಾರ್ ಬರಬೇಕಾಯಿತು. ಆ ರೇಡಾರ್ ಪೆಟ್ಟಿಗೆಯೇ ಅಂಕಿ ತೋರಿಸಿದಾಗ ವಾದ ನಿಂತಿತು. ಅಷ್ಟರೊಳಗೆ ಅದೆಷ್ಟು ಮಂದಿ ತಪ್ಪು ಮದ್ದು ನುಂಗಿ ಆಟವನ್ನೇ ಬಿಟ್ಟರೋ ಎಂದು ನೆನೆದರೆ ಸಂಕಟವಾಗುತ್ತದೆ.

ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಅಂದರೆ ಗ್ರೀನ್‌ನಲ್ಲಿ, ಚೆಂಡನ್ನು ಕುಳಿಗೆ ಉರುಳಿಸುವ ಪಟಿಂಗ್‌ನಲ್ಲಿ ಮುಖದ ಅಧಿಕಾರ ಇನ್ನೂ ಹೆಚ್ಚು. ಹತ್ತು ಅಡಿಯ ಪಟ್‌ನಲ್ಲಿ ಮುಖ ಒಂದೇ ಡಿಗ್ರಿ ತಿರುಗಿದ್ದರೂ ಚೆಂಡು ಕುಳಿಯ ನಡುವಿನಿಂದ ಸುಮಾರು ಎರಡು ಇಂಚು ಪಕ್ಕಕ್ಕೆ ಹೋಗುತ್ತದೆ. ಕುಳಿಯ ಒಟ್ಟು ಅಗಲವೇ ನಾಲ್ಕೂಕಾಲು ಇಂಚು. ಈ ತಿರುಗುವಿಕೆಗೆ ಮದ್ದು ಹುಡುಕಿದವನು ಜನರಲ್ ಎಲೆಕ್ಟ್ರಿಕ್‌ನ ಎಂಜಿನಿಯರ್ ಕಾರ್ಸ್‌ಟನ್ ಸೊಲ್‌ಹೈಮ್. ಸ್ವತಃ ಪಟಿಂಗ್‌ನಲ್ಲಿ ಒದ್ದಾಡುತ್ತಿದ್ದ ಈತ 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ, ಭಾರವನ್ನೆಲ್ಲ ತಲೆಯ ಎರಡು ತುದಿಗೆ ಹಂಚಿದ ಪಟಿಂಗ್ ಕೋಲು, ಅಂದರೆ ಪಟರ್, ಮಾಡಿದ. ನಡುವಿಗೆ ತಾಗದಿದ್ದರೂ ಅದು ಸುಲಭಕ್ಕೆ ತಿರುಗುವುದಿಲ್ಲ. 1966ರ ಅವನ ಆನ್ಸರ್ ಪಟರ್‌ನ ವಿನ್ಯಾಸ ಮೊದಲು ಮೂಡಿದ್ದು ಗ್ರಾಮಫೋನ್ ತಟ್ಟೆಯ ಕವರಿನ ಮೇಲೆ. ಇಂದು ಅಂಗಡಿಯಲ್ಲಿರುವ ಪಟರ್‌ಗಳಲ್ಲಿ ಎಷ್ಟೋ ಅದರ ಸಂತಾನ.

ಹಾಗಾದರೆ ಗೆಲುವಿಗೆ ಯಾವುದು ಮುಖ್ಯ, ದೂರದ ಹೊಡೆತವೋ ಪಟಿಂಗೋ? ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಮೆರಿಕದ ಪಿಜಿಎ ಟೂರ್‌ನ ಲಕ್ಷಾಂತರ ಹೊಡೆತಗಳ ದಾಖಲೆ ಜಾಲಾಡಿದರು. ಅಗ್ರ ಆಟಗಾರರಿಗೆ ಸಿಗುವ ಮೇಲುಗೈಯಲ್ಲಿ ಮೂರರಲ್ಲಿ ಎರಡು ಪಾಲು ನೂರು ಗಜದಾಚೆಯ ಹೊಡೆತಗಳದ್ದು. ಪಟಿಂಗ್‌ನದು ಶೇ 15ರ ಆಸುಪಾಸು. ವೃತ್ತಿಪರರೂ ಎಂಟು ಅಡಿಯಿಂದ ಎರಡರಲ್ಲಿ ಒಂದನ್ನಷ್ಟೇ ಕುಳಿಗೆ ಹಾಕುತ್ತಾರೆ ಎಂಬುದೂ ಆ ಲೆಕ್ಕದಲ್ಲೇ ತಿಳಿಯಿತು. ಎಂಟಡಿಯ ಪಟ್ ತಪ್ಪಿದರೆ ಕುಗ್ಗುವ ನಮ್ಮಂಥವರಿಗೆ ಇದು ಸಮಾಧಾನದ ಸುದ್ದಿ.

ಸರಾಸರಿ ಹಾಗೆ ಹೇಳುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಮಾಡಿದ್ದು ಬೇರೆ. ಕಣದಲ್ಲಿದ್ದವರಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಆಕೆ, ಎದುರಾಳಿಗಳು ಸಣ್ಣ ಐರನ್ ಹಿಡಿದ ಕಡೆ ಉದ್ದನೆಯ ಕ್ಲಬ್ ಹಿಡಿದು, ಗ್ರೀನ್ ಮೇಲೆ ಪಟರ್‌ನಿಂದ ಆ ಕೊರತೆ ತುಂಬಿಕೊಂಡರು. ಕೊನೆಯ ಸುತ್ತಿಗೆ ಹೊರಟಾಗ ಎರಡನೇ ಸ್ಥಾನ. ಮುಗಿದಾಗ ನಿಗದಿತ ಹೊಡೆತಗಳಿಗಿಂತ 15 ಕಡಿಮೆ (15 ಅಂಡರ್), ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಗಾಲ್ಫ್ ಅಂದರೆ ಏನೆಂದು ತಿಳಿಯದ ಮನೆಗಳಲ್ಲೂ ಅಂದು ಬೆಳಿಗ್ಗೆ ಟಿವಿ ಮುಂದೆ ಜನ ಕೂತಿದ್ದರು.

ಕಲಿಯಹೊರಟವರಿಗೆ ನನ್ನ ಮಾತು ಇಷ್ಟು. ಡ್ರೈವಿಂಗ್ ರೇಂಜ್‌ನಲ್ಲಿ ಬುಟ್ಟಿ ಚೆಂಡು ತೆಗೆದುಕೊಂಡಾಗ, ಅದು ಎಷ್ಟು ದೂರ ಹೋಯಿತೆಂದು ನೋಡುವ ಮೊದಲು ಯಾವ ದಿಕ್ಕಿಗೆ ಹೊರಟಿತೆಂದು ನೋಡಿ. ನಿಮ್ಮ ಕ್ಲಬ್ಬಿನ ಮುಖ ಎಲ್ಲಿ ನೋಡುತ್ತಿತ್ತೆಂದು ಅದೇ ಹೇಳುತ್ತದೆ. ಮನೆಯಲ್ಲಿ ಎಂಟು ಅಡಿ ಅಳೆದು ಗುರುತು ಹಾಕಿ, ದಿನಾ ಸ್ವಲ್ಪ ಹೊತ್ತು ಪಟರ್ ಹಿಡಿಯಿರಿ. ಅದಕ್ಕೆ ಯಾವ ಕ್ಲಬ್ಬಿನ ಸದಸ್ಯತ್ವವೂ ಬೇಕಿಲ್ಲ.